ಹಪ್ಪಳ ಒತ್ತುವ ಕೈಗಳು ಮೊಬೈಲಿನಲ್ಲಿ ಸವಾಲಿಗೆ ಬಂದದ್ದು

ದೇವರ ಸಾಮಾನು ತಿಕ್ಕುವಾಗ ಫೋನು ಮುಟ್ಟಬಾರದೆಂದು ನಾನೇ ಮಾಡಿಕೊಂಡ ಒಂದು ನಿಯಮವಿದೆ. ಇದಕ್ಕೆ ಶಾಸ್ತ್ರಾಧಾರ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಶಾಸ್ತ್ರ ಬರೆದವರ ಕಾಲದಲ್ಲಿ ಫೋನಿರಲಿಲ್ಲ, ಮತ್ತು ಅವರು ಪಾತ್ರೆ ತಿಕ್ಕಿದವರೂ ಅಲ್ಲ. ನಿಜ ಹೇಳಬೇಕೆಂದರೆ ಈ ನಿಯಮ ಪಾಲಿಸುವುದು ನನಗೆ ಕಷ್ಟವೇ ಅಲ್ಲ, ಯಾಕೆಂದರೆ ನನ್ನ ಫೋನು ಬಡಿದುಕೊಳ್ಳುವುದೇ ಅಪರೂಪ. ಗ್ಯಾಸಿನವರದ್ದು ಯಾವಾಗಲೋ ಒಮ್ಮೆ, ಸಾಲ ಬೇಕಾ ಎಂದು ಕೇಳುವ ಹುಡುಗಿಯದ್ದು ಮಧ್ಯಾಹ್ನ ಒಮ್ಮೆ. ಆ ಹುಡುಗಿಯ ಮೇಲೆ ಎಲ್ಲರೂ ರೇಗುತ್ತಾರಂತೆ. ನಾನು ಮಾತ್ರ, "ಬೇಡಮ್ಮ, ನಿನ್ನ ಊಟ ಆಯ್ತಾ?" ಎಂದು ಕೇಳುತ್ತೇನೆ. ಒಂದು ದಿನ ಅವಳು, "ಆಯ್ತು ಮೇಡಂ, ನಿಮ್ದು?" ಎಂದುಬಿಟ್ಟಳು. ಅವತ್ತು ಸಂಜೆ ದೇವರಿಗೆ ಎರಡು ದಾಸವಾಳ ಹೆಚ್ಚಿಗೆ ಇಟ್ಟೆ. ದೊಡ್ಡ ವರಗಳನ್ನು ಕೇಳುವವರಿಗೆ ದೇವರು ಸಿಗುವುದು ತಡ. ನನ್ನಂಥವರ ಲೆಕ್ಕ ಅವನು ಅಲ್ಲಲ್ಲೇ ಚುಕ್ತಾ ಮಾಡುತ್ತಾನೆ.

ಇರಲಿ. ಆ ಬೆಳಿಗ್ಗೆ ನಾನು ಹುಣಸೆಹಣ್ಣು ಹಚ್ಚಿ ಕಾಲುದೀಪ ತಿಕ್ಕುತ್ತಿದ್ದೆ. ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಮೂರನೆಯ ಸಲಕ್ಕೆ ನಿಯಮ ಕೆಟ್ಟಿತು. ಮೊಣಕೈಯಿಂದ ಒತ್ತಿ, ಬಗ್ಗಿ ಕಿವಿ ಕೊಟ್ಟೆ. ನಮ್ಮ ಭಜನಾ ಮಂಡಳಿಯ ಕಾರ್ಯದರ್ಶಿ ವಿದ್ಯಾ. ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾಳೆ, ಊರಿನವರ ಅರ್ಜಿಗಳನ್ನೆಲ್ಲ ಅವಳೇ ಕಂಪ್ಯೂಟರಿಗೆ ಹಾಕಿಕೊಡುವುದು. ಅವಳಿಗೆ ನಮಸ್ಕಾರ ಗಿಮಸ್ಕಾರ ಇಲ್ಲ.

"ಸರಸಕ್ಕ, ನಿಮ್ಮ ಕೈ ಬೇಕಿತ್ತಲ್ಲ!"

"ಕೈ ಎಂತಕ್ಕೆ? ಹುಣಸೆಹಣ್ಣಾಗಿದೆ."

"ತೊಳ್ಕೊಂಡು ಇಟ್ಕೊಳ್ಳಿ. ಹನ್ನೊಂದು ಗಂಟೆಗೆ ಬಂದು ಫೋಟೋ ತೆಗೀತೀನಿ. ಸವಾಲಿಗೆ ಇಡೋದಿದೆ."

ಮದುವೆಯಾಗಿ ಈ ಕೊಪ್ಪಕ್ಕೆ ಬಂದ ಮೇಲೆ ನನ್ನ ಕೈಯನ್ನು ಯಾರೂ ಫೋಟೋ ತೆಗೆಯಲು ಕೇಳಿರಲಿಲ್ಲ. ಮದುವೆಯಲ್ಲೂ ತೆಗೆದದ್ದು ಮುಖವನ್ನು, ಅದೂ ಕಣ್ಣು ಮುಚ್ಚಿದಾಗ.

ಸವಾಲು ಅಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಪೂಜೆ ಮುಗಿದ ಮೇಲೆ ದೇವರ ಮುಂದಿಟ್ಟ ಹಣ್ಣು, ತೆಂಗಿನಕಾಯಿ, ಸೌತೆಕಾಯಿ ಎಲ್ಲವನ್ನೂ ಒಬ್ಬರು ಎತ್ತಿ ಹಿಡಿದು ಕೂಗುತ್ತಾರೆ, ಭಕ್ತರು ಏರಿಸುತ್ತಾ ಹೋಗುತ್ತಾರೆ, ಬಂದ ದುಡ್ಡು ಒಳ್ಳೆಯ ಕೆಲಸಕ್ಕೆ. ನಮ್ಮ ಮಂಡಳಿಯಲ್ಲಿ ಕೂಗುವವರು ಅಧ್ಯಕ್ಷೆ ಸುಮಿತ್ರಕ್ಕ. ಅವರು ಕೂಗಿದರೆ ಹರಿಹರಪುರದ ಬಸ್ಸಿನವನು ಬ್ರೇಕು ಹಾಕಬೇಕು. "ಏನೇ ಜಲಜಾ, ಮೊನ್ನೆ ಮೊನ್ನೆ ಮಗಳ ಮದುವೇಲಿ ಎರಡು ಥರ ಹೋಳಿಗೆ ಮಾಡ್ಸಿದವಳು, ದೇವರ ಸೌತೆಕಾಯಿಗೆ ಹೀಗೆ ಮುಖ ತಿರುಗಿಸ್ತೀಯಲ್ಲೇ! ಏರ್ಸೇ ಮಾರಾಯ್ತಿ!" ಎನ್ನುವರು. ಜಲಜ ನಗುತ್ತಾ ಏರಿಸುವಳು. ಅವಳ ಪಕ್ಕದವಳು, ಜಲಜ ಏರಿಸಿದಳಲ್ಲ ಎಂದು ತಾನೂ ಏರಿಸುವಳು. ಅಂಗಡಿಯಲ್ಲಿ ಕೊಸರಿ ಕೊಳ್ಳುವ ಸೌತೆಕಾಯಿ ಅಲ್ಲಿ ಬೆಳ್ಳಿಯ ಬಟ್ಟಲಿನ ಬೆಲೆಗೆ ಹೋಗುತ್ತಿತ್ತು. ನಾನು ಯಾವತ್ತೂ ಕೂಗಿ ಕೇಳಿದವಳಲ್ಲ. ಗೋಡೆಗೊರಗಿ ಕೂತು ನಗುತ್ತಿದ್ದೆ. ನಗುವವರೂ ಬೇಕಲ್ಲ, ಸವಾಲಿಗೆ.

ಈ ವರ್ಷ ಸುಮಿತ್ರಕ್ಕನ ಗಂಟಲಿಗೆ ಆಪರೇಷನ್ ಆಯಿತು. ಡಾಕ್ಟರು ಗಟ್ಟಿಯಾಗಿ ಮಾತಾಡಬೇಡಿ ಎಂದಿದ್ದಾರೆ. ಅವರ ಮನೆಯವರು ಆ ಡಾಕ್ಟರಿಗೆ ಒಂದು ಹಲಸಿನಹಣ್ಣು ಕಳಿಸಿದರಂತೆ; ಇದು ಜಲಜ ಹೇಳಿದ್ದು, ಎಷ್ಟು ನಿಜವೋ. ಮೇಲಾಗಿ ಮಂಡಳಿಯ ಅರ್ಧ ಜನ ಈಗ ಶೃಂಗೇರಿ, ನರಸಿಂಹರಾಜಪುರ ಅಂತ ಚದುರಿದ್ದಾರೆ. ಒಬ್ಬರಂತೂ ಸೀತೂರಿನಿಂದ ಬರಬೇಕು. ಸವಾಲು ಮುಗಿಯುವ ಹೊತ್ತಿಗೆ ಅವರಿಗೆ ಬಸ್ಸಿಲ್ಲ. ಆಗ ವಿದ್ಯಾ ಸಭೆಯಲ್ಲಿ ಎದ್ದು ನಿಂತು, "ಮೊಬೈಲಲ್ಲೇ ಮಾಡೋಣ. ಮೌನ ಸವಾಲು. ಒಂದು ವಾರ ಇರ್ತದೆ. ಅವರವರ ಮನೇಲಿ ಕೂತು, ಬೇಕಾದ್ದು ನೋಡಿ, ಏರ್ಸಿದ್ರಾಯ್ತು" ಎಂದಳು.

"ಕೂಗೋರು ಯಾರು?" ಎಂದು ಸುಮಿತ್ರಕ್ಕ ಪಿಸುದನಿಯಲ್ಲಿ ಕೇಳಿದರು.

"ಯಾರೂ ಕೂಗೋದಿಲ್ಲ. ಯಾರಾದ್ರೂ ನಿಮ್ಮ ಮೇಲೆ ಹಾಕಿದ್ರೆ ಫೋನು ಟಿಣ್ ಅಂತದೆ."

"ಟಿಣ್ ಅಂದ್ರೆ ಜಲಜ ಏರಿಸ್ತಾಳನ?" ಎಂದರು ಸುಮಿತ್ರಕ್ಕ. ಅವರ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ಊರನ್ನೇ ಎಬ್ಬಿಸಿದ ಗಂಟಲಿನ ಜಾಗಕ್ಕೆ ಒಂದು ಟಿಣ್ ಬಂದು ಕೂತಿತ್ತು.

ದುಡ್ಡು ಯಾತಕ್ಕೆಂದು ಹೇಳಲೇ ಇಲ್ಲ ನೋಡಿ. ಹಾಸಿಗೆ ಹಿಡಿದವರಿಗೆ ತಲೆ ಕಡೆ ಎತ್ತಿ ಇಳಿಸುವ ಮಂಚ, ಗಾಳಿಯ ಹಾಸಿಗೆ, ಗಾಲಿ ಕುರ್ಚಿ ಇಂಥವನ್ನು ತಂದಿಟ್ಟುಕೊಂಡು, ಬೇಕಾದ ಮನೆಗಳಿಗೆ ಬಾಡಿಗೆಯಿಲ್ಲದೆ ಕೊಡಬೇಕೆಂದು ಮಂಡಳಿಯ ಆಸೆ. ಆ ಮಂಚದ ಬೆಲೆ ಏನೆಂದು ನನಗೆ ಗೊತ್ತು. ಅಂಗಡಿಯ ಬೆಲೆಯಲ್ಲ. ನಮ್ಮತ್ತೆ ಮಲಗಿದ್ದಷ್ಟು ಕಾಲವೂ ಪರವೂರಿನ ಪುಣ್ಯಾತ್ಮರೊಬ್ಬರು ಕೊಟ್ಟ ಅಂಥ ಮಂಚವೇ ನನ್ನ ಸೊಂಟ ಉಳಿಸಿದ್ದು. ಕಾಲ ಬುಡದಲ್ಲಿ ಹಿಡಿ ತಿರುಗಿಸಿದರೆ ಅತ್ತೆ ನಿಧಾನವಾಗಿ ಎದ್ದು ಕೂರುತ್ತಿದ್ದರು. "ಈಗ ನೋಡು, ರಾಜರ ಹಾಗೆ" ಎನ್ನುವರು. ಎದ್ದು ಕೂತರೆ ಕಿಟಕಿಯಿಂದ ರಸ್ತೆ ಕಾಣುತ್ತಿತ್ತು. ಹೋಗುವವರನ್ನೆಲ್ಲ ಕರೆಯುವರು, ಅವರೂ ಬರುವರು. ಖಾಯಿಲೆ ನೋಡಲು ಬಂದವರು, ಬಂದವರ ಜೊತೆ ಬಂದವರು, ಕಿತ್ತಳೆ, ಮುಸುಂಬಿ, ಬ್ರೆಡ್ಡು. ಒಂದು ದಿನ ಕಾಫಿಪುಡಿ ಮುಗಿದು ನಾನು ಗೊಣಗಿದ್ದೂ ಉಂಟು. ಅತ್ತೆ ಹೋದರು, ಮಂಚ ವಾಪಸು ಹೋಯಿತು, ಹದಿಮೂರನೆಯ ದಿನದ ಊಟ ಮಾಡಿ ಜನವೂ ಹೋದರು. ಆಮೇಲೆ ಗೊತ್ತಾಯಿತು, ಅವರೆಲ್ಲ ಬರುತ್ತಿದ್ದದ್ದು ಅತ್ತೆಯನ್ನು ನೋಡಲು. ತಪ್ಪೇನಿಲ್ಲ. ಖಾಯಿಲೆಯ ಮನೆಗೆ ಯಾರು ಬೇಕಾದರೂ ಬರಬಹುದು. ಎಲ್ಲ ಸರಿಯಿರುವ ಮನೆಗೆ ಬರಲು ಕಾರಣ ಬೇಕು. ನಮಗೆ ಮಕ್ಕಳಿಲ್ಲ, ಹಾಗಾಗಿ ನಾಮಕರಣ, ಉಪನಯನ, ಮದುವೆ ಎಂಬ ಕಾರಣಗಳೂ ಇಲ್ಲ. ನಮ್ಮ ಮನೆಯವರದ್ದು ಬಾಳೆಹೊನ್ನೂರಿನಲ್ಲಿ ಮಿಕ್ಸಿ ರಿಪೇರಿ ಅಂಗಡಿ. ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಾರೆ. ಒಳ್ಳೆಯ ಮನುಷ್ಯ. ಇಡೀ ದಿನ ಮಿಕ್ಸಿಗಳ ಗರ್ ಎನ್ನುವ ಶಬ್ದದಲ್ಲಿ ಕೂತವರಿಗೆ ಮನೆಯಲ್ಲಿ ಯಾರೂ ಮಾತಾಡದಿರುವುದೇ ಸುಖ. ನನಗೆ ಇಡೀ ದಿನ ಅದೇ ಸುಖ. ಸಂಜೆಗಾದರೂ ಬೇರೆ ಏನಾದರೂ ಬೇಕೆನಿಸುತ್ತದೆ.

ಸವಾಲಿಗೆ ವಸ್ತುಗಳನ್ನಷ್ಟೇ ಅಲ್ಲ, ಕೆಲಸವನ್ನೂ ಇಡಬಹುದೆಂದು ವಿದ್ಯಾ ಹೇಳಿದ್ದಳು. ಒಬ್ಬರು ಹಿತ್ತಾಳೆಯ ತೂಗುದೀಪ ಇಟ್ಟರು, ಇನ್ನೊಬ್ಬರು ಉಡದ ಸೀರೆ. ಸುಮಿತ್ರಕ್ಕ ಹುಡುಕಿದ್ದು ಇದು: ನಾಲ್ಕು ಜನ ಹೆಂಗಸರು ನಿಮ್ಮ ಮನೆಗೆ ಬಂದು ಒಂದು ದಿನ ಕೂತು ಹಲಸಿನಕಾಯಿ ಹಪ್ಪಳ ಒತ್ತಿಕೊಡುತ್ತಾರೆ. ಸುಮಿತ್ರಕ್ಕ, ವಿದ್ಯಾ, ಜಲಜ, ನಾನು. "ಸರಸು ಇರದಿದ್ರೆ ಹಪ್ಪಳ ದುಂಡಗೆ ಬರೋದಿಲ್ಲ" ಎಂದರಂತೆ. ನನಗೆ ಹೆಮ್ಮೆಯೂ ಆಯಿತು, ನಗುವೂ ಬಂತು. ಹಿಂದೆಲ್ಲ ಇದಕ್ಕೆ ಸವಾಲು ಯಾಕೆ ಬೇಕಿತ್ತು? ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು, ಮುಯ್ಯಿಗೆ ಮುಯ್ಯಿ. ಬೇಲಿಯಾಚೆ ಒಂದು ಕೂಗು ಹಾಕಿದರೆ ಮಣೆ ಹಿಡಿದುಕೊಂಡು ಬರುತ್ತಿದ್ದರು. ಈಗ ಹಪ್ಪಳ ಪ್ಯಾಕೆಟಿನಲ್ಲಿ ಸಿಗುತ್ತದೆ. ಇಬ್ಬರೇ ಇರುವ ಮನೆಯವಳು, 'ಬನ್ನಿ, ನಮಗೆ ಹಪ್ಪಳ ಒತ್ತಿಕೊಡಿ' ಎಂದು ಕರೆದರೆ, ಇವಳಿಗೇನಾಯಿತು ಎಂದಾರು. ಏನಾಗಿದೆಯೆಂದು ಹೇಳಲು ಬರುವುದಿಲ್ಲ.

ಹನ್ನೊಂದಕ್ಕೆ ವಿದ್ಯಾ ಬಂದಳು, ಸುಮಿತ್ರಕ್ಕನನ್ನೂ ಜಲಜನನ್ನೂ ಕರೆದುಕೊಂಡೇ ಬಂದಳು. ನಾಲ್ಕು ಜೊತೆ ಕೈಗಳನ್ನು ಒಂದು ಬಾಳೆಲೆಯ ಮೇಲೆ ಇಡಿಸಿದಳು. "ಫೋಟೋ ಚೆನ್ನಾಗಿದ್ರೆ ಅರ್ಧ ಸವಾಲು ಗೆದ್ದ ಹಾಗೆ" ಎಂಬುದು ಅವಳ ಸಿದ್ಧಾಂತ. ಜಲಜ ಬಳೆ ಸರಿಮಾಡಿಕೊಂಡಳು. "ನಿಂದು ಎಂತ ಹೆಣ್ಣು ನೋಡೋ ಶಾಸ್ತ್ರವನೇ?" ಎಂದು ಸುಮಿತ್ರಕ್ಕ ಪಿಸುಗುಟ್ಟಿದರು. ನಾವೆಲ್ಲ ನಕ್ಕು ಫೋಟೋ ಅಲುಗಿತು; ಮತ್ತೆ ತೆಗೆದಳು. ಕಾಫಿ ಮಾಡುತ್ತೇನೆ ಎಂದೆ. "ಅಯ್ಯೋ, ಅಂಗಡಿ ತೆರೆದಿಟ್ಟು ಬಂದಿದೀನಿ" ಎಂದು ವಿದ್ಯಾ ಓಡಿದಳು, ಉಳಿದವರೂ ಅವಳ ಸ್ಕೂಟಿ ಮತ್ತು ಅವಳ ಅವಸರದ ಹಿಂದೆ ಹೋದರು. ಬಾಳೆಲೆ ಅಲ್ಲೇ ಇತ್ತು. ಅದರಲ್ಲೇ ಮಧ್ಯಾಹ್ನ ಊಟ ಮಾಡಿದೆ. ಉಣ್ಣುವಾಗ ಒಂದು ಯೋಚನೆ ಬಂತು, ಬಂದದ್ದು ಹೋಗಲೇ ಇಲ್ಲ: ಆ ಸವಾಲನ್ನು ನಾನೇ ಯಾಕೆ ಹಿಡಿಯಬಾರದು?

ನನ್ನನ್ನು ನಾನೇ ಕೊಂಡ ಹಾಗಾಗುತ್ತದೆ, ನಿಜ. ಆದರೆ ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ಮೋಸವಿಲ್ಲ. ನಾಲ್ವರಲ್ಲಿ ಮೂವರು ಬರುತ್ತಾರೆ, ನಾಲ್ಕನೆಯವಳು ಹೇಗೂ ಮನೆಯಲ್ಲೇ ಇರುತ್ತಾಳೆ. ಆಟೋ ಚಾರ್ಜು ಉಳಿಯಿತು. ನೀವು ಕೇಳಬಹುದು, ಯಾರು ಗೆದ್ದರೂ ಅವರ ಮನೆಗೆ ನೀನು ಹೋಗುತ್ತೀಯಲ್ಲ, ಆ ಮೂವರ ಜೊತೆ ಇರುತ್ತೀಯಲ್ಲ, ಮತ್ತೇನು? ಹೋಗುವುದು ಬೇರೆ, ಬರುವುದು ಬೇರೆ. ಹೋದರೆ ವಾಪಸು ಬರಬೇಕು. ಬಂದು ಬೀಗ ತೆಗೆಯಬೇಕು. ಆ ಬೀಗ ತೆಗೆಯುವ ಶಬ್ದ ಇದೆಯಲ್ಲ, ಅದು ಖಾಲಿ ಮನೆಯಲ್ಲಿ ಸ್ವಲ್ಪ ಹೆಚ್ಚೇ ಕೇಳುತ್ತದೆ. ನಮ್ಮ ಮನೆಗೇ ಜನ ಬಂದು, ಕೂತು, ಹರಟಿ, ಹಿಟ್ಟು ಮೆತ್ತಿದ ಕೈಯಲ್ಲೇ ಕೂದಲು ಸರಿಮಾಡಿಕೊಂಡು, ನನ್ನ ಅಡುಗೆಮನೆಯ ಡಬ್ಬಗಳನ್ನು ನಾನು ಹೇಳದೆ ತೆಗೆದು, "ಇದೆಂತ ಸರಸು, ಉಪ್ಪು ಎಲ್ಲಿಟ್ಟಿದ್ದೀಯೇ?" ಎಂದು ಕೇಳಬೇಕು. ನನಗೆ ಬೇಕಾದದ್ದು ಹಪ್ಪಳವಲ್ಲ. ಉಪ್ಪು ಎಲ್ಲಿದೆಯೆಂದು ಕೇಳುವವರು.

ಸವಾಲು ಸೋಮವಾರ ಶುರುವಾಯಿತು. ಎರಡು ದಿನದಲ್ಲಿ ಟಿಣ್ ಎಂದದ್ದು ಒಂದೇ ಸಲ, ಅದೂ ತಪ್ಪಿ. ಆದದ್ದು ಇಷ್ಟು: ವಿದ್ಯಾ ಹೆಸರುಗಳು ಕಾಣುವ ಹಾಗೆ ಇಟ್ಟಿದ್ದಳು. ತೂಗುದೀಪಕ್ಕೆ ಸುಮಿತ್ರಕ್ಕ ಒಂದು ಮೊತ್ತ ಹಾಕಿದರು. ಸುಮಿತ್ರಕ್ಕ ಕೇಳಿದ್ದರ ಮೇಲೆ ಕೇಳುವುದು ಹೇಗೆ? ಸೀರೆಗೆ ಜಲಜ ಹಾಕಿದಳು. ಪಾಪ, ಅವಳಿಗೆ ಆ ಬಣ್ಣ ಇಷ್ಟ, ಬಿಡಿ. ಎದುರುಬದುರು ಕೂತಾಗ ಏರಿಸುವುದು ಬೇರೆ, ಅಲ್ಲಿ ನಗು ಇರುತ್ತದೆ, ಸುಮಿತ್ರಕ್ಕನ ಬೈಗುಳ ಇರುತ್ತದೆ, ಅವರು ಬೈದರೆಂದು ಏರಿಸಿದೆ ಎನ್ನಬಹುದು. ಮೊಬೈಲಿನಲ್ಲಿ ಒಬ್ಬರ ಹೆಸರಿನ ಮೇಲೆ ನಮ್ಮ ಹೆಸರು ಕೂತರೆ, ಪಂಕ್ತಿಯಲ್ಲಿ ಕೂತವರನ್ನು ಎಬ್ಬಿಸಿದ ಹಾಗೆ. ಹೀಗಾಗಿ ಒಂದೊಂದು ವಸ್ತುವಿಗೂ ಒಂದೊಂದೇ ಹೆಸರು, ಎಲ್ಲ ಕನಿಷ್ಠ ಬೆಲೆಗೆ. ಒಬ್ಬರು ವಿದ್ಯಾಗೆ ಫೋನು ಮಾಡಿ, "ನಾನು ಗೊತ್ತಿಲ್ದೆ ಅವರ ಮೇಲೆ ಹಾಕಿಬಿಟ್ಟೆ, ಬೇಜಾರು ಮಾಡ್ಕೊಂಡ್ರೇನೋ, ತೆಗೆದುಬಿಡಿ" ಎಂದರಂತೆ. ವಿದ್ಯಾ ಗ್ರೂಪಿನಲ್ಲಿ ಧ್ವನಿಸಂದೇಶ ಹಾಕಿದಳು: "ಇದು ಸವಾಲೋ, ಅರಿಶಿನ ಕುಂಕುಮವೋ? ಹೀಗಾದ್ರೆ ಮಂಚ ಬರೋದಿಲ್ಲ, ಮಂಚದ ಕಾಲು ಬರ್ತದೆ!"

ಬುಧವಾರ ಅವಳು ಹೆಸರು ತೆಗೆದು ಎಲ್ಲರಿಗೂ ನಂಬರು ಕೊಟ್ಟಳು. ಯಾರ ನಂಬರು ಯಾವುದೆಂದು ಅವಳೊಬ್ಬಳಿಗೇ ಗೊತ್ತು. ಅಬ್ಬ! ಆ ಮಧ್ಯಾಹ್ನದಿಂದ ನಮ್ಮ ಮಂಡಳಿಯ ಸಾತ್ವಿಕ ಹೆಂಗಸರು ಏನಾದರು ಎಂದು ಹೇಳಲಿ! ತೂಗುದೀಪ ಸಂಜೆಯೊಳಗೆ ಎಲ್ಲಿಗೋ ಹಾರಿತು. ಸೀರೆಗೆ ಮೂವರು ಕಿತ್ತಾಡಿದರು, ಅದೂ ಬೆಳಿಗ್ಗೆ ಗ್ರೂಪಿನಲ್ಲಿ ಒಬ್ಬರಿಗೊಬ್ಬರು ಶುಭೋದಯದ ಹೂವು ಕಳಿಸಿಕೊಂಡವರೇ. ನನಗೆ ಸಿಕ್ಕಿದ್ದು ಏಳನೇ ನಂಬರು. ಏಳಾಗಿ ನಾನು ಹಪ್ಪಳದ ಸವಾಲಿಗೆ ಕೈ ಹಾಕಿದೆ. 'ಅಭಿನಂದನೆಗಳು! ಈಗ ನೀವೇ ಮುಂದಿದ್ದೀರಿ' ಎಂದು ಫೋನಿನಲ್ಲಿ ಬಂತು. ಜೀವನದಲ್ಲಿ ಯಾರೂ ನನಗೆ ಈ ಮಾತು ಹೇಳಿರಲಿಲ್ಲ. ಓದಿ, ಕನ್ನಡಕ ಒರೆಸಿ, ಮತ್ತೆ ಓದಿದೆ.

ಸಂಜೆ ಟಿಣ್ ಎಂದಿತು. 'ನಿಮ್ಮ ಮೊತ್ತವನ್ನು ಮೀರಲಾಗಿದೆ.' ಇಪ್ಪತ್ತೆರಡನೇ ನಂಬರು. ಏರಿಸಿದೆ. ಗುರುವಾರ ಮಧ್ಯಾಹ್ನ ಟಿಣ್. ಮತ್ತೆ ಇಪ್ಪತ್ತೆರಡು. ಏರಿಸಿದೆ. ಶುಕ್ರವಾರದ ಹೊತ್ತಿಗೆ ಬೇರೆಯವರೆಲ್ಲ ಬಿಟ್ಟುಹೋಗಿ ನಾವಿಬ್ಬರೇ ಉಳಿದಿದ್ದೆವು. ನಾನು ಎಷ್ಟು ದಿನಗಳ ಮೇಲೆ ಇಷ್ಟು ಹೊತ್ತು ಒಬ್ಬರ ಜೊತೆ ವ್ಯವಹರಿಸಿದೆನೋ! ಇಪ್ಪತ್ತೆರಡು ಏರಿಸುವುದು ಹೆಚ್ಚಾಗಿ ಮಧ್ಯಾಹ್ನ ಊಟ ಮುಗಿದ ಮೇಲೆ, ಪಾತ್ರೆ ತೊಳೆದಾಗಿ ಮನೆ ಗಪ್ಪಾಗುವ ಹೊತ್ತಿನಲ್ಲಿ. ನಾನು ಫೋನು ಪಕ್ಕದಲ್ಲಿಟ್ಟುಕೊಂಡು ಹೂಬತ್ತಿ ಹೊಸೆಯುತ್ತಾ ಕಾಯುತ್ತಿದ್ದೆ. ಬರಲು ತಡವಾದರೆ, 'ಇದೆಂತ, ಇವತ್ತು ಇಪ್ಪತ್ತೆರಡಕ್ಕೆ ಮೈ ಸರಿಯಿಲ್ಲವೋ ಏನೋ' ಎಂದು ಚಿಂತೆಯಾಗುತ್ತಿತ್ತು. ಬಂದ ಕೂಡಲೇ, 'ಹಾಳಾಗಿ ಹೋಗಲಿ' ಎನಿಸುತ್ತಿತ್ತು. ಮನಸ್ಸಿನಲ್ಲೇ ಅವಳ ಚಿತ್ರ ಬರೆದುಕೊಂಡಿದ್ದೆ: ದೊಡ್ಡ ಮನೆ, ತುಂಬ ಸೊಸೆಯಂದಿರು, ಹೊರಗೆ ಕಾರು, ಹಪ್ಪಳ ಕರಿಯಲು ಒಬ್ಬಳು ಅಡುಗೆಯವಳು. ಎಲ್ಲ ಇದ್ದೂ ನನ್ನ ಮೂರು ಜನವೂ ಬೇಕೆನ್ನುತ್ತಾಳಲ್ಲ!

ದೇವರ ಮುಂದೆ ನಿಂತಾಗಂತೂ ಫಜೀತಿ. ಮಂಚದ ಫಂಡಿಗೆ ಕೈತುಂಬ ದುಡ್ಡು ಬರಲಿ ಎಂದು ಬೇಡಿಕೊಳ್ಳುವುದು ನನ್ನ ಧರ್ಮ. ಇಪ್ಪತ್ತೆರಡು ಇನ್ನು ಏರಿಸದಿರಲಿ ಎಂದು ಬೇಡಿಕೊಳ್ಳುವುದು ನನ್ನ ಕರ್ಮ. ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದರೆ ದೇವರಾದರೂ ಏನು ಮಾಡಬೇಕು? ಕಡೆಗೆ ನಾನೇ ದಾರಿ ಹೇಳಿಕೊಟ್ಟೆ: 'ಬೇರೆ ವಸ್ತುಗಳಿಗೆ ಜಾಸ್ತಿ ಬರಿಸಪ್ಪ, ಇದೊಂದು ಬಿಟ್ಟು.' ಮಿಡಿ ಉಪ್ಪಿನಕಾಯಿ ಮಾರಿದ ದುಡ್ಡು ನನ್ನ ಡಬ್ಬಿಯಲ್ಲಿ ಸ್ವಲ್ಪ ಇತ್ತು. ನಾನು ಏರಿಸಿದ್ದು ಅದರ ಅಂಚಿಗೆ ಬಂದಿತ್ತು.

ಶನಿವಾರ ರಾತ್ರಿ ಊಟಕ್ಕೆ ಕೂತಾಗ ಮನೆಯವರು, "ಎಂತದು ಟಿಣ್ ಟಿಣ್ ಅಂತದೆ?" ಎಂದರು. ಅವರ ಕಿವಿಗೂ ಬಿತ್ತಲ್ಲ ಎಂದು ಖುಷಿಯಾಗಿ ಎಲ್ಲ ಹೇಳಿದೆ, ಯಾಕೆ ಬೇಕು ಎಂಬುದೊಂದು ಬಿಟ್ಟು. ಅವರು ತುತ್ತು ನುಂಗಿ, "ಹಪ್ಪಳ ಬೇಕಿದ್ರೆ ನಾನು ತರೋದಿಲ್ವನೇ ಮಾರಾಯ್ತಿ?" ಎಂದರು. "ಹಪ್ಪಳಕ್ಕಲ್ಲ" ಎಂದೆ. "ಮತ್ತೆ?" ಎಂದರು. "ಪುಣ್ಯಕ್ಕೆ" ಎಂದೆ. ಅದು ಅವರಿಗೆ ಒಪ್ಪಿಗೆಯಾಯಿತು. ಪುಣ್ಯ ಎಂದರೆ ನಮ್ಮ ಮನೆಯಲ್ಲಿ ಮುಂದೆ ಪ್ರಶ್ನೆಯಿಲ್ಲ.

ಭಾನುವಾರ ಸಂಜೆ ಏಳಕ್ಕೆ ಸವಾಲು ಮುಗಿಯುವುದೆಂದು ವಿದ್ಯಾ ಬೆಳಿಗ್ಗೆಯಿಂದ ನಾಲ್ಕು ಸಲ ನೆನಪು ಹಾಕಿದ್ದಳು. ಆರೂವರೆಗೆ ನಾನೇ ಮುಂದಿದ್ದೆ. ಕತ್ತಲಾಗುತ್ತಿತ್ತು. ದೀಪ ಹಚ್ಚಬೇಕು. ದೀಪ ಹಚ್ಚಿ ಸ್ತೋತ್ರ ಹೇಳುವಾಗ ಫೋನು ಹತ್ತಿರ ಇಡುವುದಿಲ್ಲ. ಬೆಳಗಿನ ನಿಯಮ ಕೆಟ್ಟರೂ ಸಂಜೆಯದು ಕೆಟ್ಟಿಲ್ಲ. ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಮಗುಚಿಟ್ಟು ಹೋದೆ. ನನ್ನ ಮನಸ್ಸಿನಲ್ಲಿದ್ದದ್ದು ಹೀಗೆ: ಟಿಣ್ ಎಂದರೂ ಏನಾಯಿತು, ಒಂದನೇ ಸಲ, ಎರಡನೇ ಸಲ ಎಂದು ಕೇಳಿಯೇ ಮುಗಿಸುತ್ತಾರಲ್ಲ. ಸುಮಿತ್ರಕ್ಕನಾದರೆ, ಯಾರಾದರೂ ಒಳಗೆ ಆರತಿ ತಟ್ಟೆ ತರಲು ಹೋಗಿದ್ದರೆ, "ತಡೀರಿ, ಸರಸು ಬರ್ಲಿ" ಎಂದು ತೆಂಗಿನಕಾಯಿ ಎತ್ತಿ ಹಿಡಿದುಕೊಂಡೇ ನಿಲ್ಲುತ್ತಿದ್ದರು. ಸ್ತೋತ್ರದ ನಡುವೆ ಅಡುಗೆಮನೆಯಿಂದ ಟಿಣ್ ಕೇಳಿತು. ನಾಲಿಗೆ ಒಂದು ಸಾಲು ಹಾರಿತು. ಹಾರಿದ ಸಾಲಿಗೆ ಹಿಂದೆ ಹೋಗಿ ಮತ್ತೆ ಹೇಳಿದೆ, ನಿಧಾನವಾಗಿಯೇ ಹೇಳಿದೆ, ನಮಸ್ಕಾರ ಮಾಡಿದೆ, ಎದ್ದೆ. ಫೋನು ಮಗುಚಿದರೆ, 'ಸವಾಲು ಮುಕ್ತಾಯವಾಗಿದೆ. ಭಾಗವಹಿಸಿದ್ದಕ್ಕೆ ಧನ್ಯವಾದಗಳು.' ಏಳು ಗಂಟೆ ಅಂದರೆ ಏಳು ಗಂಟೆ. ಆ ಯಂತ್ರಕ್ಕೆ ಸಂಧ್ಯಾಕಾಲ ಎಂಬುದಿಲ್ಲ.

ದೇವರ ಮೇಲೆ ಕೋಪ ಬಂತು ಎಂದು ಹೇಳಿದರೆ ಪಾಪ ಬರುತ್ತದೆ. ಅವನ ಮುಂದೆ ಕೂತಾಗಲೇ ಆಯಿತಲ್ಲ ಎಂದು ಸ್ವಲ್ಪ ಮುಖ ಊದಿಸಿಕೊಂಡೆ, ಅಷ್ಟೆ. ಮನೆಯವರು ಬಂದರು. ಕೈಯಲ್ಲಿ ಎರಡು ಪ್ಯಾಕೆಟ್ಟು ಹಲಸಿನ ಹಪ್ಪಳ. "ತಗ, ನಿನ್ನ ಪುಣ್ಯ ಸಿಗದಿದ್ರೆ ಇರ್ಲಿ ಅಂತ ತಂದೆ" ಎಂದರು. ಅವರಿಗೆ ಮೊದಲೇ ಗೊತ್ತಿತ್ತೋ ಏನೋ, ನಾನು ಗೆಲ್ಲುವವಳಲ್ಲ ಎಂದು. ನಾಲ್ಕು ಕರಿದು ಬಡಿಸಿದೆ. ಚೆನ್ನಾಗಿತ್ತು. ಎಲ್ಲವೂ ಒಂದೇ ಅಳತೆ, ಯಂತ್ರದಲ್ಲಿ ಒತ್ತಿದ್ದು. ಇಬ್ಬರೂ ಎರಡೆರಡು ತಿಂದೆವು. ಕರುಮ್ ಕರುಮ್ ಎಂಬ ಶಬ್ದ ಬಿಟ್ಟರೆ ಬೇರೆ ಮಾತಿಲ್ಲ.

ಸೋಮವಾರ ವಿದ್ಯಾ ಗೆದ್ದವರ ಹೆಸರುಗಳನ್ನು ಗ್ರೂಪಿಗೆ ಹಾಕಿದಳು. ಮಂಚಕ್ಕೆ ಸಾಕಾಗಿ ಗಾಲಿ ಕುರ್ಚಿಗೂ ಮಿಗುವಷ್ಟು ಬಂದಿದೆಯೆಂದು ಬರೆದಿದ್ದಳು. ನಾನು ಓದಿದ್ದು ಹಪ್ಪಳದ ಸಾಲನ್ನು ಮೊದಲು. ರೇಣುಕಾ. ಯಾರಿದು ರೇಣುಕಾ? ಜಲಜಗೆ ಫೋನು ಮಾಡಿದೆ. ಜಲಜಗೂ ಗೊತ್ತಿಲ್ಲ. ಅವಳು ಸುಮಿತ್ರಕ್ಕನನ್ನು ಕೇಳಿದಳು; ಸುಮಿತ್ರಕ್ಕ, "ಅದೇ ಮಾರಾಯ್ತಿ, ಹಿಂದಿನ ಸಾಲಲ್ಲಿ ಕೂತ್ಕೋತದಲ್ಲ, ಬಯಲುಸೀಮೆ ಕಡೇದು, ಗಂಡನಿಗೆ ಇಲ್ಲಿಗೆ ವರ್ಗ ಆಗಿದ್ದು" ಎಂದರಂತೆ. ಎಷ್ಟು ದಿನದಿಂದ ಬರುತ್ತಿದ್ದಾಳೆ ಎಂದು ಕೇಳಿದರೆ ಅದೂ ಯಾರಿಗೂ ಗೊತ್ತಿಲ್ಲ. ನಾನು ನೆನಪು ಮಾಡಿಕೊಂಡೆ. ಬಾಗಿಲ ಹತ್ತಿರ ಒಬ್ಬಳು ಕೂರುತ್ತಾಳೆ, ಹೌದು. ಪ್ರಸಾದ ಕೊಟ್ಟರೆ ಎರಡೂ ಕೈಯೊಡ್ಡಿ ತಗೊಂಡು ನಗುತ್ತಾಳೆ. ನಾನೇ ಎಷ್ಟೋ ಸಲ ಕೊಟ್ಟಿದ್ದೇನೆ. ಹೆಸರು ಕೇಳಿಲ್ಲ.

ಮಧ್ಯಾಹ್ನ, ಪಾತ್ರೆ ತೊಳೆದಾದ ಮೇಲೆ, ಫೋನು ಬಂತು. ಗೊತ್ತಿಲ್ಲದ ನಂಬರು. ಸಾಲದ ಹುಡುಗಿಯಿರಬೇಕೆಂದು ಎತ್ತಿದೆ.

"ಸರಸಕ್ಕಾರೇನ್ರಿ? ನಾ ರೇಣುಕಾ ರೀ. ಹಪ್ಪಳದ ಸವಾಲು ನನಗಾಗೇತ್ರಿ."

"ಹೌದಮ್ಮ, ನೋಡಿದೆ" ಎಂದೆ. ಸೊಸೆಯಂದಿರು, ಕಾರು, ಅಡುಗೆಯವಳು ಎಲ್ಲರೂ ನನ್ನ ಕಣ್ಣ ಮುಂದಿಂದ ಒಬ್ಬೊಬ್ಬರಾಗಿ ಇಳಿದು ಹೋದರು.

"ಹಪ್ಪಳದ ಬಗ್ಗೆ ಎಲ್ಲಾ ನಿಮ್ಮನ್ನ ಕೇಳ್ರಿ ಅಂದ್ರು ವಿದ್ಯಾ ಅವರು. ನೀವು ನಾಕೂ ಮಂದಿ ಖರೇನ ಬರ್ತೀರೇನ್ರಿ?"

"ಬರ್ತೀವಿ. ಸವಾಲು ಅಂದ ಮೇಲೆ ಬರದೆ?"

"ಕುಂದ್ರಾಕ ಚಾಪಿ ಅದಾವ್ರಿ. ಕಾಫಿ ಕುಡೀತೀರೋ ಚಾ ಕುಡೀತೀರೋ? ಇಲ್ಲೇ ಊಟ ಮಾಡ್ರಿ ಮತ್ತ. ನನಗ ರೊಟ್ಟಿ ಚಲೋ ಬರ್ತಾವ್ರಿ, ನಿಮ್ಮ ಅಡಗಿ ಅಷ್ಟ ಗೊತ್ತಿಲ್ಲ." ಆಮೇಲೆ ಕೇಳಿದಳು, "ಎಷ್ಟೊತ್ತನಾ ಇರ್ತೀರ್ರಿ?"

"ಹಪ್ಪಳ ಮುಗಿಯೋ ತನಕ" ಎಂದೆ.

"ಅಂದ್ರ ಎಷ್ಟೊತ್ತರೀ?"

ಎರಡನೆಯ ಸಲ ಕೇಳಿದಳಲ್ಲ, ಆಗ ಆ ಪ್ರಶ್ನೆಯ ಗುರುತು ಸಿಕ್ಕಿತು. ಆ ಪ್ರಶ್ನೆಯನ್ನು ನಾನು ವಾರವಿಡೀ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಗೆದ್ದಿದ್ದರೆ ಸುಮಿತ್ರಕ್ಕನಿಗೆ ಫೋನು ಮಾಡಿ ನಾನೂ ಇದನ್ನೇ ಕೇಳುತ್ತಿದ್ದೆ, ಇದೇ ದನಿಯಲ್ಲಿ, ಅವಸರವಿಲ್ಲದವಳ ಹಾಗೆ. ಇವಳಿಗೆ ಹಾಳಾಗಿ ಹೋಗಲಿ ಎಂದು ಎಷ್ಟು ಸಲ ಅಂದಿದ್ದೆ! ದೇವರು ಅದರಲ್ಲಿ ಒಂದನ್ನೂ ನಡೆಸಿಕೊಡಲಿಲ್ಲ. ಅವನು ನಮ್ಮ ಬೇಡಿಕೆಗಳನ್ನೆಲ್ಲ ಕೇಳುವುದಿಲ್ಲ ಎಂಬುದೂ ಒಂದು ಉಪಕಾರವೇ.

"ಅದು ಕಾಯಿ ಎಷ್ಟು ಅನ್ನೋದರ ಮೇಲೆ ಇರ್ತದಮ್ಮ" ಎಂದೆ.

"ಹಣ್ಣು ಎಷ್ಟು ತರಸ್ಲಿ?"

"ಹಣ್ಣಲ್ಲ, ಕಾಯಿ. ಬಲಿತಿರಬೇಕು, ಹಣ್ಣಾಗಿರಬಾರದು."

"ಹಂಗ್ಯಾ? ಎಷ್ಟು ಕಾಯ್ರಿ? ಒಂದು ಸಾಕೇನ್ರಿ? ನಾವಿಬ್ರ ಇರೋದು."

ಹಲಸಿನಕಾಯಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಒಂದು ಮಧ್ಯಮ ಗಾತ್ರದ ಕಾಯಿಯೆಂದರೆ ನಾಲ್ಕು ಜನರ ಕೈಗೆ ಏನೇನೂ ಅಲ್ಲ. ಸೊಳೆ ಬಿಡಿಸಿ, ಬೇಯಿಸಿ, ಖಾರ ಹಾಕಿ ಕುಟ್ಟಿ, ಒತ್ತಿ ಮುಗಿಸುವಷ್ಟರಲ್ಲಿ ಇನ್ನೂ ಊಟದ ಹೊತ್ತಾಗಿರುವುದಿಲ್ಲ. ವಿದ್ಯಾ ಅಂಗಡಿ ಎಂದು ಏಳುತ್ತಾಳೆ, ಅವಳ ಸ್ಕೂಟಿಯ ಹಿಂದೆ ಉಳಿದವರೂ ಏಳುತ್ತಾರೆ. ಎರಡಾದರೆ ಊಟ ಮಾಡಿಕೊಂಡು ಹೋಗಬಹುದು. ನಾಲ್ಕಾದರೆ ಊಟವಾಗಿ, ಎಲೆಯಡಿಕೆ ಆಗಿ, ಜಲಜ ಗೋಡೆಗೊರಗಿ ಒಂದು ನಿದ್ದೆ ತೆಗೆದು, ಎದ್ದು ಚಹ ಕುಡಿದು, ಮತ್ತೆ ಕೂತು ಒತ್ತಬೇಕು. ದೀಪ ಹಚ್ಚುವ ಹೊತ್ತಾದರೂ ಆಗುತ್ತದೆ. ಇಬ್ಬರೇ ಇರುವ ಮನೆಯಲ್ಲಿ ನಾಲ್ಕು ಕಾಯಿಯ ಹಪ್ಪಳವನ್ನು ಯಾವ ಜನ್ಮಕ್ಕೆ ತಿನ್ನುವುದು ಎಂದು ನೀವು ಕೇಳಬಹುದು. ಅವಳು ಕೇಳಲಿಲ್ಲ.

"ನಾಲ್ಕು ತರಿಸಮ್ಮ" ಎಂದೆ. "ದೊಡ್ಡವೇ ನೋಡಿ ತರಿಸು."

"ನಾಕು ತರಸ್ತೇನ್ರಿ!" ಎಂದಳು. ಆ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ, ನಾನು ಇನ್ನೊಂದನ್ನು ಸೇರಿಸಿ ಐದು ಎನ್ನಬೇಕಿತ್ತೇನೋ ಎನಿಸಿತು.

ಫೋನಿಟ್ಟ ಮೇಲೆ ದೇವರ ಮನೆಯ ಕಡೆ ತಿರುಗಿ ನೋಡಲು ಸ್ವಲ್ಪ ಸಂಕೋಚವಾಯಿತು. ನಾಲ್ಕು ಎಂದದ್ದು ರೇಣುಕಾಗಾಗಿಯೋ ನಿನಗಾಗಿಯೋ ಎಂದು ಅವನು ಕೇಳಿಬಿಟ್ಟರೆ? ಹಿತ್ತಲಲ್ಲಿ ಬಟ್ಟೆ ಒಣಗಿ ಗರಿಗರಿಯಾಗಿತ್ತು. ತೆಗೆದು ಮಡಿಸಲು ಹೋದೆ.